ಕಡಲೂರಿನ ಮಾಯೆ ಯಾರ ಪಾಲಿನದು?

ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿ ಕಾರ್ನ್‌ವಾಲ್ ಸೀಮೆ ಅಟ್ಲಾಂಟಿಕ್‌ನತ್ತ ಚಾಚಿಕೊಂಡಿದೆ. ಅದರ ದಕ್ಷಿಣ ದಂಡೆಯಲ್ಲಿ ಮೆವಾಗಿಸಿ ಎಂಬ ಮೀನುಗಾರರ ಊರಿದೆ. ಕಡಿದಾದ ಗುಡ್ಡಗಳ ನಡುವೆ ಪುಟ್ಟ ಬಂದರು, ಇಬ್ಬರು ಎದುರುಬದುರಾದರೆ ಒಬ್ಬರು ಸರಿದು ನಿಲ್ಲಬೇಕಾದ ಓಣಿಗಳು. ಒಂದು ಕಾಲಕ್ಕೆ ಇಲ್ಲಿನವರು ಪಿಲ್ಚರ್ಡ್ ಮೀನಿಗೆ ಉಪ್ಪು ಹಾಕಿ ಪೀಪಾಯಿ ತುಂಬಿ ಇಟಲಿಗೆ ಕಳಿಸುತ್ತಿದ್ದರು. ಸೂಸನ್ ಕೂಪರ್ ಬಾಲ್ಯದ ರಜೆಗಳನ್ನು ಕಳೆದದ್ದು ಈ ಊರಿನಲ್ಲಿ. 1965ರಲ್ಲಿ ಅವರು ಇದಕ್ಕೆ ಟ್ರೆವಿಸಿಕ್ ಎಂಬ ಬೇರೆ ಹೆಸರಿಟ್ಟು ‘ಓವರ್ ಸೀ, ಅಂಡರ್ ಸ್ಟೋನ್’ ಎಂಬ ಮಕ್ಕಳ ಕಾದಂಬರಿ ಪ್ರಕಟಿಸಿದರು. ಮುಂದೆ ‘ದ ಡಾರ್ಕ್ ಈಸ್ ರೈಸಿಂಗ್’ ಎಂಬ ಐದು ಪುಸ್ತಕಗಳ ಸರಣಿಯಾಗಿ ಬೆಳೆದದ್ದು ಇದೇ ಕಥೆ.

ನಮ್ಮ ಕಾಲದ್ದೇ ಊರು, ನಮ್ಮಂಥದೇ ಜನ, ಬಸ್ಸು, ಅಂಚೆ, ಶಾಲೆ ಎಲ್ಲವೂ ಇರುವ ಲೋಕದೊಳಗೆ ಅಲೌಕಿಕ ಶಕ್ತಿಯೊಂದು ಕಾಲಿಡುವ ಕಥೆಗಳಿಗೆ ಸಮಕಾಲೀನ ಫ್ಯಾಂಟಸಿ ಎನ್ನುತ್ತಾರೆ. ಟೋಲ್ಕಿನ್ನರಂತೆ ಹೊಸ ಭೂಪಟವನ್ನೇ ಬರೆಯುವ ಕೆಲಸ ಇಲ್ಲಿಲ್ಲ, ಇರುವ ಭೂಪಟದಲ್ಲಿ ಒಂದು ಬಿರುಕು ಹುಡುಕಿದರೆ ಸಾಕು. ಈ ಪ್ರಕಾರದ ಲೇಖಕರು, ಅದರಲ್ಲೂ ಸರಣಿ ಬರೆಯುವವರು, ಆ ಬಿರುಕನ್ನು ಹುಡುಕುತ್ತಾ ಮತ್ತೆಮತ್ತೆ ಹೋಗಿ ನಿಲ್ಲುವುದು ಸಣ್ಣದೊಂದು ಕಡಲೂರಿನಲ್ಲಿ. ಅಮೆರಿಕದ ಟಿ.ವಿ., ಬ್ರಿಟನ್ನಿನ ಮಕ್ಕಳ ಪುಸ್ತಕ, ಜಪಾನಿನ ಅನಿಮೆ, ಕಾಮಿಕ್ಸ್, ಎಲ್ಲೆಡೆ ಇದೇ ಊರು ಬೇರೆಬೇರೆ ಹೆಸರಿನಲ್ಲಿ ಕಾಣಿಸುತ್ತದೆ. ಹೀಗೇಕೆ, ಈ ಊರುಗಳಲ್ಲಿ ಯಾವುದು ಗಟ್ಟಿಯಾಗಿ ನಿಂತಿದೆ, ಯಾವುದು ಬರಿಯ ಪರದೆ ಎಂದು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೇಲ್ನೋಟದ ಕಾರಣಗಳನ್ನು ಬೇಗ ಹೇಳಿ ಮುಗಿಸಬಹುದು. ಸಣ್ಣ ಊರಿನಲ್ಲಿ ಎಲ್ಲರಿಗೂ ಎಲ್ಲರ ಗುರುತಿದೆ. ಹಾಗಾಗಿ ಗುಟ್ಟಿಗೆ ಬೆಲೆ ಬರುತ್ತದೆ. ಒಂದು ಕಡೆ ನೀರಿರುವುದರಿಂದ ಓಡಿಹೋಗುವ ದಾರಿ ಕಡಿಮೆ. ಹಡಗು ಒಡೆದ ಕಥೆ, ಕಳ್ಳಸಾಗಣೆಯ ಕಥೆ, ಮುಳುಗಿದವರ ಕಥೆ ಊರಿನ ನೆನಪಿನಲ್ಲಿ ಮೊದಲೇ ತುಂಬಿಕೊಂಡಿರುತ್ತವೆ. ಲೇಖಕ ಬಂದು ಹೊಸದಾಗಿ ಭೂತ ಕಟ್ಟಬೇಕಿಲ್ಲ. ಜೊತೆಗೆ ಸರಣಿಗೆ ಬೇಕಾದ ಅನುಕೂಲವೊಂದಿದೆ. ಅಲೆ ಪ್ರತಿದಿನ ಏನನ್ನಾದರೂ ದಡಕ್ಕೆ ತಂದು ಹಾಕುತ್ತದೆ, ಆದ್ದರಿಂದ ಮುಂದಿನ ಕಂತಿಗೆ ಕಥೆ ತರುವ ಬಾಗಿಲು ಯಾವಾಗಲೂ ತೆರೆದೇ ಇರುತ್ತದೆ.

ಈ ಕಾರಣಗಳಿಂದ ಒಂದು ಸರಣಿ ಹುಟ್ಟಬಹುದೇ ಹೊರತು ಉಳಿಯಲಾರದು. ಅದು ಉಳಿಯಬೇಕಾದರೆ ಮಾಯೆಗೂ ಆ ಊರಿನ ದುಡಿಮೆಗೂ ಸಂಬಂಧ ಇರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಡಲಿಗೆ ಇಳಿಯುವವರು ಯಾರು, ಅವರನ್ನು ಕಾಯುವವರು ಯಾರು, ಮೀನು ಸಿಗದ ವರ್ಷ ಆ ಊರು ಏನು ತಿನ್ನುತ್ತದೆ ಎಂದು ಕೇಳದ ಕಥೆಯಲ್ಲಿ ಸಮುದ್ರವಿರುವುದು ಕಿಟಕಿಯಾಚೆಗಿನ ನೋಟವಾಗಿ ಮಾತ್ರ.

ವಿಚಿತ್ರವೆಂದರೆ, ಈ ಪರಂಪರೆಯ ಅತ್ಯಂತ ಕಹಿಯಾದ ಪೂರ್ವಜನಿಗೆ ಇದು ಗೊತ್ತಿತ್ತು. ಎಚ್.ಪಿ. ಲವ್‌ಕ್ರಾಫ್ಟ್ 1931ರಲ್ಲಿ ಬರೆದು 1936ರಲ್ಲಿ ಪ್ರಕಟವಾದ ‘ದ ಶ್ಯಾಡೋ ಓವರ್ ಇನ್ಸ್‌ಮೌತ್’ ಕಥೆಯಲ್ಲಿ ಮ್ಯಾಸಚೂಸೆಟ್ಸ್ ಕರಾವಳಿಯ ಸೊರಗಿದ ಬಂದರು ಪಟ್ಟಣವೊಂದಿದೆ. ನ್ಯೂಬರಿಪೋರ್ಟ್ ಎಂಬ ನಿಜವಾದ ಊರು ಅದಕ್ಕೆ ಪ್ರೇರಣೆ. ವ್ಯಾಪಾರ ಕುಸಿದು ಮೀನು ಸಿಗದಾದಾಗ ಅಲ್ಲಿನ ಹಡಗು ಮಾಲೀಕನೊಬ್ಬ ಕಡಲಾಳದ ಜೀವಿಗಳೊಡನೆ ಒಪ್ಪಂದ ಮಾಡಿಕೊಳ್ಳುತ್ತಾನೆ: ಬಲೆ ತುಂಬ ಮೀನು, ಚಿನ್ನ, ಬದಲಿಗೆ ಊರಿನ ರಕ್ತ. ಹಸಿವಿನಿಂದ ಹುಟ್ಟಿದ ಆ ಒಪ್ಪಂದದ ಆಲೋಚನೆ ಬಲವಾದದ್ದು. ಆದರೆ ರಕ್ತ ಬೆರೆಯುವುದರ ಬಗ್ಗೆ ಲವ್‌ಕ್ರಾಫ್ಟ್‌ಗಿದ್ದ ಜನಾಂಗೀಯ ಅಸಹ್ಯ ಕಥೆಯ ಮೈಗೆಲ್ಲ ಹರಡಿದೆ. ದಡದಾಚೆಯಿಂದ ಬಂದವನು ಕೊಳಕು, ಅವನನ್ನು ಸೇರಿಸಿಕೊಂಡ ಊರೂ ಕೊಳಕು ಎಂಬ ಭಾವ ಅದು. ಇವತ್ತಿನವರೆಗೂ ಅನೇಕ ಸರಣಿಗಳು ಆ ಭಯವನ್ನು ಎರವಲು ಪಡೆಯುತ್ತಿವೆ, ಹಸಿವನ್ನು ಬಿಟ್ಟುಬಿಡುತ್ತಿವೆ. ಬಿಡಬೇಕಾದದ್ದು ಯಾವುದು, ಉಳಿಸಿಕೊಳ್ಳಬೇಕಾದದ್ದು ಯಾವುದು ಎಂಬುದು ತಿರುವುಮುರುವಾಗಿದೆ.

ಟಿ.ವಿ.ಯಲ್ಲಿ ಈ ಊರನ್ನು ಮೊದಲು ನೆಲೆಗೊಳಿಸಿದ್ದು ‘ಡಾರ್ಕ್ ಶ್ಯಾಡೋಸ್’. ಅಮೆರಿಕದ ಎಬಿಸಿ ವಾಹಿನಿಯಲ್ಲಿ 1966ರಿಂದ 1971ರವರೆಗೆ 1,225 ಕಂತುಗಳು. ಮೇನ್ ರಾಜ್ಯದ ಕಾಲಿನ್ಸ್‌ಪೋರ್ಟ್ ಎಂಬ ಕಲ್ಪಿತ ಪಟ್ಟಣ ಅದರ ಊರು. ಅಲ್ಲಿನ ಶ್ರೀಮಂತ ಮನೆತನಕ್ಕೆ ಮೀನುಗಾರಿಕೆ ದೋಣಿಗಳೂ ಮೀನು ಡಬ್ಬಿ ಕಾರ್ಖಾನೆಯೂ ಇವೆ. ಆದರೆ ಬಾರ್ನಬಸ್ ಎಂಬ ರಕ್ತಪಿಪಾಸು 1967ರಲ್ಲಿ ಪ್ರವೇಶಿಸಿ ಜನಪ್ರಿಯನಾದ ಮೇಲೆ ಕಾರ್ಖಾನೆಯನ್ನು ಕೇಳುವವರಿಲ್ಲ. ಬಂಗಲೆ ಗೆದ್ದಿತು, ಬಂದರು ಸೋತಿತು. ಮುಂದಿನ ಅರ್ಧ ಶತಮಾನದ ಟಿ.ವಿ. ಸರಣಿಗಳು ಬಹುಮಟ್ಟಿಗೆ ಹಿಡಿದದ್ದು ಇದೇ ದಾರಿ.

ಕೂಪರ್ ಹಿಡಿದ ದಾರಿ ಬೇರೆ. ‘ಓವರ್ ಸೀ, ಅಂಡರ್ ಸ್ಟೋನ್’ ಹುಟ್ಟಿದ್ದು ಜೊನಾಥನ್ ಕೇಪ್ ಪ್ರಕಾಶನ ಏರ್ಪಡಿಸಿದ್ದ ಕೌಟುಂಬಿಕ ಸಾಹಸ ಕಾದಂಬರಿಯ ಸ್ಪರ್ಧೆಯ ನೆಪದಲ್ಲಿ. ಬರೆಯುತ್ತಾ ಹೋದಂತೆ ಅದು ಸ್ಪರ್ಧೆಯ ಚೌಕಟ್ಟು ಮೀರಿ ಆರ್ಥರ್ ರಾಜನ ಪುರಾಣದತ್ತ ತಿರುಗಿತು. ಸೈಮನ್, ಜೇನ್, ಬಾರ್ನಿ ಎಂಬ ಮೂವರು ಮಕ್ಕಳು ರಜೆಗೆಂದು ಟ್ರೆವಿಸಿಕ್‌ಗೆ ಬರುತ್ತಾರೆ. ಬಾಡಿಗೆ ಮನೆಯ ಅಟ್ಟದಲ್ಲಿ ಹಳೆಯ ನಕ್ಷೆಯೊಂದು ಸಿಗುತ್ತದೆ. ಅದು ತೋರುವ ಪವಿತ್ರ ಪಾತ್ರೆ ಇರುವುದು ಕೆಮಾರ್ ಹೆಡ್ ಎಂಬ ಕೋಡುಗಲ್ಲಿನ ಬುಡದ ಗುಹೆಯಲ್ಲಿ. ಗುಹೆಯ ಬಾಯಿ ಸಾಮಾನ್ಯವಾಗಿ ನೀರಿನೊಳಗಿರುತ್ತದೆ, ಇಳಿತ ತೀರಾ ತಗ್ಗಿದಾಗ ಮಾತ್ರ ತೆರೆದುಕೊಳ್ಳುತ್ತದೆ.

ಕೂಪರ್ ಕಡಲನ್ನು ಬಲ್ಲವರು ಎನ್ನುವುದು ತಿಳಿಯುವುದು ಇಲ್ಲಿ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿಗೆ ಬಂದು ಉಬ್ಬರ ಹೆಚ್ಚು ಏರುತ್ತದೆ, ಇಳಿತ ಹೆಚ್ಚು ಇಳಿಯುತ್ತದೆ. ಮಾರ್ಚ್ ಮತ್ತು ಸೆಪ್ಟೆಂಬರಿನ ವಿಷುವಗಳ ಸಮೀಪದಲ್ಲಿ ಇನ್ನೂ ಹೆಚ್ಚು. ಮೀನುಗಾರರಿಗೆ ಇದು ಪಂಚಾಂಗವಿದ್ದಂತೆ ಬಾಯಿಪಾಠ. ಫ್ಯಾಂಟಸಿ ಲೇಖಕರು ಸಾಮಾನ್ಯವಾಗಿ ಮಾಯದ ಬಾಗಿಲಿಗೆ ಮಂತ್ರದ ಬೀಗ ಹಾಕುತ್ತಾರೆ. ಕೂಪರ್ ಹಾಕಿದ್ದು ಚಂದ್ರನ ಬೀಗ. ಅದಕ್ಕೆ ಯಾರ ಮಂತ್ರವೂ ಬೇಡ, ಆದರೆ ಯಾರ ಮಾತನ್ನೂ ಅದು ಕೇಳುವುದಿಲ್ಲ. ಗುಹೆಯೊಳಗೆ ಹೋದ ಹುಡುಗರ ಬೆನ್ನ ಹಿಂದೆ ನೀರು ಏರತೊಡಗಿದಾಗ ಓದುಗನಿಗೆ ಆಗುವ ದಿಗಿಲು ಭೂತದ್ದಲ್ಲ, ನಿಜವಾದ ಸಮುದ್ರದ್ದು. ಜೋ ಹಿಲ್ ಬರೆದು ಗೇಬ್ರಿಯಲ್ ರೊಡ್ರಿಗಸ್ ಚಿತ್ರಿಸಿದ ‘ಲಾಕ್ ಆಂಡ್ ಕೀ’ ಕಾಮಿಕ್ಸ್ (2008–13) ಕೂಡ ನೀರು ನುಗ್ಗುವ ಗುಹೆಯನ್ನು ಹೀಗೇ ಬಳಸಿ ಗೆದ್ದಿದೆ.

ಆದರೂ ಈ ಮೊದಲ ಪುಸ್ತಕದಲ್ಲಿ ಊರು ಇನ್ನೂ ರಜೆಗೆ ಬಂದವರ ಊರೇ. ಸ್ಥಳೀಯರು ಅಡುಗೆಯವಳಾಗಿ, ಕೆಡುಕಿನ ಹುಡುಗನಾಗಿ, ದೋಣಿಯವನಾಗಿ ಬಂದುಹೋಗುತ್ತಾರೆ. ಒಂಬತ್ತು ವರ್ಷಗಳ ನಂತರ, 1974ರಲ್ಲಿ, ಕೂಪರ್ ಅದೇ ಊರಿಗೆ ಮರಳಿ ‘ಗ್ರೀನ್‌ವಿಚ್’ ಬರೆದಾಗ ಎಲ್ಲವೂ ಬದಲಾಗಿತ್ತು. ಅಷ್ಟರಲ್ಲಿ ಅವರು ಅಮೆರಿಕದಲ್ಲಿ ನೆಲೆಸಿ ಹತ್ತು ವರ್ಷ ಕಳೆದಿತ್ತು. ಕಾರ್ನ್‌ವಾಲ್‌ನ ಕಡಲು ಅವರಿಗೆ ದೂರದ ಹಂಬಲವಾಗಿತ್ತು. ದೂರ ಹೋದವರಿಗೆ ಕೆಲವೊಮ್ಮೆ ಊರು ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ ಎಂಬುದಕ್ಕೆ ಈ ಪುಸ್ತಕ ಸಾಕ್ಷಿ.

ಕಥೆಯಲ್ಲಿ ಬರುವ ಆಚರಣೆ ಹೀಗಿದೆ. ವಸಂತದಲ್ಲಿ ಒಂದು ರಾತ್ರಿಯಿಡೀ ಊರಿನ ಹೆಂಗಸರು ಕೋಡುಗಲ್ಲಿನ ಮೇಲೆ ಸೇರಿ ಹೇಝಲ್, ಹಾಥಾರ್ನ್, ರೋವನ್ ಮರಗಳ ಕೊಂಬೆಗಳಿಂದ ಗ್ರೀನ್‌ವಿಚ್ ಎಂಬ ದೊಡ್ಡ ಆಕೃತಿ ಹೆಣೆಯುತ್ತಾರೆ. ಗಂಡಸರು ಆ ಹೊತ್ತಿನಲ್ಲಿ ಅಲ್ಲಿರುವಂತಿಲ್ಲ. ಒಳಗೆ ಕಲ್ಲು ಕಟ್ಟಿ, ಬೆಳಗಿನ ಜಾವ ಅದನ್ನು ಸಮುದ್ರಕ್ಕೆ ನೂಕುತ್ತಾರೆ. ವರ್ಷವಿಡೀ ಬಲೆಗೆ ಮೀನು ಬೀಳಲಿ, ಬೆಳೆ ಚೆನ್ನಾಗಿರಲಿ ಎಂಬ ಹಾರೈಕೆ. ನೂಕುವ ಮುನ್ನ ಆಕೃತಿಯನ್ನು ಮುಟ್ಟಿ ಏನನ್ನಾದರೂ ಬೇಡಿಕೊಳ್ಳಬಹುದು. ಜೇನ್‌ಗೂ ಆ ಅವಕಾಶ ಸಿಗುತ್ತದೆ. ಅವಳಿಗೆ ತನಗಾಗಿ ಏನೂ ಬೇಡಲು ತೋಚುವುದಿಲ್ಲ. ಮುಳುಗುವುದಕ್ಕೆಂದೇ ಹುಟ್ಟಿದ ಆ ಒಂಟಿ ಆಕೃತಿ ಸುಖವಾಗಿರಲಿ ಎಂದು ಬೇಡಿಕೊಳ್ಳುತ್ತಾಳೆ. ಸರಣಿಯುದ್ದಕ್ಕೂ ಕಾದಾಡುವ ಎರಡು ಪಕ್ಷಗಳಾದ ಬೆಳಕಿನ ಮಹಾಜ್ಞಾನಿಗಳೂ ಕತ್ತಲಿನ ಮಂತ್ರವಾದಿಯೂ ಬಲದಿಂದ ಪಡೆಯಲಾಗದ್ದು ಕೊನೆಗೆ ದಕ್ಕುವುದು ಈ ಒಂದು ಕನಿಕರದಿಂದ. ಮಕ್ಕಳ ಸಾಹಿತ್ಯದಲ್ಲಿ ಇಷ್ಟು ಸಣ್ಣ ಕ್ರಿಯೆಯ ಮೇಲೆ ಇಷ್ಟು ದೊಡ್ಡ ಕಥೆಯ ಭಾರ ಹೊರಿಸಿ ಗೆದ್ದ ಪುಸ್ತಕಗಳು ಕಡಿಮೆ.

ಗಮನಿಸಬೇಕಾದ ಸಂಗತಿ, ಈ ಆಚರಣೆ ಕಾರ್ನ್‌ವಾಲ್‌ನಲ್ಲಿ ಇಲ್ಲ. ಪ್ಯಾಡ್‌ಸ್ಟೋ ಎಂಬ ಬಂದರಿನಲ್ಲಿ ಮೇ ಮೊದಲ ದಿನ ‘ಓಬಿ ಓಸ್’ ಎಂಬ ಕುದುರೆ ವೇಷ ಬೀದಿಯಲ್ಲಿ ಕುಣಿಯುತ್ತದೆ. ಝೆನರ್ ಊರಿನ ಚರ್ಚಿನಲ್ಲಿ ಮತ್ಸ್ಯಕನ್ಯೆಯನ್ನು ಕೆತ್ತಿದ ಹಳೆಯ ಮರದ ಆಸನವಿದೆ. ಇವು ನಿಜ. ಗ್ರೀನ್‌ವಿಚ್ ಕೂಪರ್ ಕಟ್ಟಿದ್ದು. ಅದು ನಿಜವೆನ್ನಿಸುವುದಕ್ಕೆ ಕಾರಣ, ಮೀನುಗಾರರ ಊರಿಗೆ ಅಂಥದ್ದೊಂದು ಆಚರಣೆಯ ಅಗತ್ಯ ಇದೆಯೆಂಬುದನ್ನು ಅವರು ಅರಿತಿದ್ದರು. ಕೆಲಸ ಅಪಾಯದ್ದು, ಫಲ ಕೈಯಲ್ಲಿಲ್ಲ, ಕಾಯುವವರು ಹೆಂಗಸರು. ಆದ್ದರಿಂದ ಆಕೃತಿ ಕಟ್ಟುವವರೂ ಅವರೇ. ಕೊನೆಯ ಭಾಗದಲ್ಲಿ ಗ್ರೀನ್‌ವಿಚ್ ಕೆರಳಿ ಒಂದು ರಾತ್ರಿ ಊರಿನ ಹಳೆಯ ಪಾಪಗಳನ್ನೆಲ್ಲ ಬೀದಿಗೆ ತರುತ್ತದೆ. ಕಳ್ಳಸಾಗಣೆಯ ‘ಲಾಟರಿ’ ಹಡಗು, ತನ್ನವರ ಮೇಲೆಯೇ ಸಾಕ್ಷಿ ಹೇಳಿದ ರೋಜರ್ ಟಾಮ್ಸ್ ಎದ್ದು ಬರುತ್ತಾರೆ. ಇವರು ಕಟ್ಟುಕಥೆಯವರಲ್ಲ, ಪಕ್ಕದ ಪಾಲ್‌ಪೆರೋ ಊರಿನ ಇತಿಹಾಸದವರು. ಊರು ತನ್ನ ನೆನಪಿಗೆ ಲೆಕ್ಕ ಒಪ್ಪಿಸಬೇಕಾದ ರಾತ್ರಿ ಅದು.

ಸರಣಿಯ ಐದನೆಯ ಪುಸ್ತಕ ‘ಸಿಲ್ವರ್ ಆನ್ ದ ಟ್ರೀ’ (1977) ವೇಲ್ಸ್‌ನ ಅಬರ್‌ಡೋವಿ ಎಂಬ ಇನ್ನೊಂದು ಕಡಲೂರಿಗೆ ಹೋಗುತ್ತದೆ. ಅಲ್ಲಿನ ಕೊಲ್ಲಿಯಲ್ಲಿ ಒಂದು ರಾಜ್ಯ ಮುಳುಗಿದೆ, ನೀರಿನೊಳಗಿಂದ ಗಂಟೆ ಕೇಳುತ್ತದೆ ಎಂಬುದು ವೇಲ್ಸ್ ಜನರ ಹಳೆಯ ನಂಬಿಕೆ. ಅಳಿವೆಯಾಚೆಯ ಬೋರ್ತ್ ಕಡಲತೀರದಲ್ಲಿ ಇಳಿತ ತಗ್ಗಿದಾಗ ಸಾವಿರಾರು ವರ್ಷ ಹಳೆಯ ಕಾಡಿನ ಬೊಡ್ಡೆಗಳು ಮರಳಿನಲ್ಲಿ ನಿಜವಾಗಿಯೂ ಕಾಣಿಸುತ್ತವೆ. ಇಷ್ಟು ಶ್ರೀಮಂತ ನೆಲವಿದ್ದರೂ ಆ ಪುಸ್ತಕ ‘ಗ್ರೀನ್‌ವಿಚ್’ನಷ್ಟು ನನಗೆ ಹಿಡಿಸಲಿಲ್ಲ. ಅಲ್ಲಿ ಪುರಾಣದ ಮೆರವಣಿಗೆ ಜೋರು, ಊರಿನವರ ಬದುಕು ತೆಳು. ಕೊನೆಯಲ್ಲಿ ಮಕ್ಕಳ ಮತ್ತು ಅವರ ಕೆಲವು ಜೊತೆಗಾರರ ನೆನಪನ್ನೆಲ್ಲ ಅಳಿಸಿಹಾಕಲಾಗುತ್ತದೆ. ಓದುಗರು ಅದನ್ನು ಇಂದಿಗೂ ಕ್ಷಮಿಸಿಲ್ಲ. ನಾಲ್ಕನೆಯ ಪುಸ್ತಕ ‘ದ ಗ್ರೇ ಕಿಂಗ್’ಗೆ 1976ರ ನ್ಯೂಬರಿ ಪದಕ ಬಂತು. ಸರಣಿಯ ಹೆಸರು ಹೊತ್ತ ಎರಡನೆಯ ಪುಸ್ತಕವನ್ನು 2022ರಲ್ಲಿ ಬಿಬಿಸಿ ವರ್ಲ್ಡ್ ಸರ್ವೀಸ್ ರೇಡಿಯೊ ನಾಟಕವಾಗಿ ಪ್ರಸಾರ ಮಾಡಿತು. ಹೊಗಳಿಕೆಯೆಲ್ಲ ಒಳನಾಡಿನಲ್ಲಿ ನಡೆಯುವ ಆ ಎರಡು ಪುಸ್ತಕಗಳಿಗೆ ಹೋಗಿದೆ. ಕಡಲೂರಿನ ‘ಗ್ರೀನ್‌ವಿಚ್’ ಸಣ್ಣದು ಎಂದು ಬದಿಗಿಡುತ್ತಾರೆ. ಇದು ಅನ್ಯಾಯ.

ಅಮೆರಿಕದ ಟಿ.ವಿ.ಗೆ ಬಂದರೆ, ಈ ಶತಮಾನದಲ್ಲಿ ಬಹಳಷ್ಟು ಜನ ನೋಡಿದ ಕಡಲೂರು ‘ಒನ್ಸ್ ಅಪಾನ್ ಎ ಟೈಮ್’ ಸರಣಿಯ ಸ್ಟೋರಿಬ್ರೂಕ್. 2011ರಿಂದ 2018ರವರೆಗೆ ಏಳು ಸೀಸನ್, 155 ಕಂತು. ಕಿನ್ನರಕಥೆಗಳ ಪಾತ್ರಗಳೆಲ್ಲ ಶಾಪದಿಂದ ತಮ್ಮ ಗುರುತು ಮರೆತು ಮೇನ್ ರಾಜ್ಯದ ಸಣ್ಣ ಊರೊಂದರಲ್ಲಿ ಸಾಮಾನ್ಯರಾಗಿ ಬದುಕುತ್ತಿರುತ್ತಾರೆ. ಗಡಿಯಾರ ಗೋಪುರದ ಮುಳ್ಳು 8:15ಕ್ಕೆ ನಿಂತುಹೋಗಿದೆ. ಎಮ್ಮಾ ಸ್ವಾನ್ ಊರಿಗೆ ಬಂದಾಗ ಅದು ಮತ್ತೆ ಚಲಿಸುತ್ತದೆ. ಮರೆವಿನ ಈ ಕಲ್ಪನೆ ಸುಂದರ, ಮೊದಲ ಸೀಸನ್ನಿನಲ್ಲಿ ಅದನ್ನು ಮನಮುಟ್ಟುವಂತೆ ನಡೆಸಿದ್ದಾರೆ. ಆದರೆ ಈ ಊರು ಏನು ಮಾಡಿ ಹೊಟ್ಟೆ ಹೊರೆಯುತ್ತದೆ ಎಂಬುದು ಕಥೆಗೆ ಮುಖ್ಯವಾಗುವುದೇ ಇಲ್ಲ. ಬಂದರಿರುವುದು ಹಡಗು ಬಂದಿಳಿಯುವ ನಿಲ್ದಾಣವಾಗಿ.

ಸ್ಟೋರಿಬ್ರೂಕ್‌ನ ಬೀದಿಗಳ ದೃಶ್ಯಗಳನ್ನು ಚಿತ್ರಿಸಿದ್ದು ಕೆನಡಾದ ಪಶ್ಚಿಮ ತೀರದಲ್ಲಿ, ರಿಚ್ಮಂಡ್ ನಗರದ ಸ್ಟೀವ್‌ಸ್ಟನ್‌ನಲ್ಲಿ. ಅದು ಸಾಲ್ಮನ್ ಮೀನಿನ ಡಬ್ಬಿ ಕಾರ್ಖಾನೆಗಳ ಊರು. 1894ರ ಗಲ್ಫ್ ಆಫ್ ಜಾರ್ಜಿಯಾ ಕಾರ್ಖಾನೆ ಇಂದು ವಸ್ತುಸಂಗ್ರಹಾಲಯ. ಜಪಾನಿನ ವಕಾಯಾಮಾ ಪ್ರಾಂತದ ಮಿಯೊ ಹಳ್ಳಿಯಿಂದ ಅನೇಕ ಮೀನುಗಾರರು ಇಲ್ಲಿಗೆ ವಲಸೆ ಬಂದು ನೆಲೆಸಿದ್ದರು. ಪರ್ಲ್ ಹಾರ್ಬರ್ ದಾಳಿಯ ನಂತರ ಕೆನಡಾ ಸರಕಾರ ಜಪಾನಿ ಮೂಲದವರ ಸುಮಾರು 1,200 ಮೀನುಗಾರಿಕೆ ದೋಣಿಗಳನ್ನು ವಶಪಡಿಸಿಕೊಂಡಿತು. 1942ರಲ್ಲಿ ಆ ಜನರನ್ನು ಕರಾವಳಿಯಿಂದ ಒಳನಾಡಿಗೆ ಸಾಗಿಸಿತು. 1949ರವರೆಗೆ ಅವರು ಕಡಲ ದಡಕ್ಕೆ ಮರಳುವಂತಿರಲಿಲ್ಲ. ಒಂದು ಊರಿನ ಜನ ರಾತ್ರೋರಾತ್ರಿ ತಮ್ಮ ಮನೆ, ದೋಣಿ, ಹೆಸರು ಕಳೆದುಕೊಂಡು ಬೇರೆಲ್ಲೋ ಬದುಕಬೇಕಾದ ಕಥೆ ಅದೇ ಬೀದಿಯಲ್ಲಿ ನಿಜವಾಗಿ ನಡೆದಿತ್ತು. ಮರೆವಿನ ಶಾಪದ ಬಗ್ಗೆ 155 ಕಂತು ಮಾಡಿದವರು ತಾವು ಕ್ಯಾಮೆರಾ ಇಟ್ಟ ನೆಲದ ಈ ನೆನಪನ್ನು ಕಥೆಯೊಳಕ್ಕೆ ಕರೆಯಲಿಲ್ಲ. ಕಡಲೂರನ್ನು ಪರದೆಯಾಗಿ ಬಳಸಿದರೆ ಆಗುವ ನಷ್ಟ ಎಷ್ಟು ದೊಡ್ಡದೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಸ್ಟೀಫನ್ ಕಿಂಗ್‌ರ 2005ರ ಕಿರುಕಾದಂಬರಿ ‘ದ ಕೊಲರಾಡೋ ಕಿಡ್’ನ ಎಳೆ ಹಿಡಿದು ಮಾಡಿದ ‘ಹೇವನ್’ (2010–15) ಕೂಡ ಮೇನ್‌ನ ಕಲ್ಪಿತ ಊರೇ, ಚಿತ್ರಣ ಕೆನಡಾದ ಪೂರ್ವ ತೀರದ ನೋವಾ ಸ್ಕೋಶಿಯಾದಲ್ಲಿ. 27 ವರ್ಷಕ್ಕೊಮ್ಮೆ ಊರಿನ ಕುಟುಂಬಗಳಲ್ಲಿ ವಿಚಿತ್ರ ಶಕ್ತಿಗಳು ಮರುಕಳಿಸುತ್ತವೆ. ನೋಡಿಸಿಕೊಂಡು ಹೋಗುವ ಸರಣಿ, ಅದಕ್ಕಿಂತ ಹೆಚ್ಚಿನದಲ್ಲ. ಅದು ತಯಾರಾದ ಕಾಲ ಮಾತ್ರ ಯೋಚಿಸುವಂಥದ್ದು. 1992ರಲ್ಲಿ ಕೆನಡಾ ಸರಕಾರ ಕಾಡ್ ಮೀನುಗಾರಿಕೆಗೆ ನಿಷೇಧ ಹೇರಿದಾಗ ನ್ಯೂಫೌಂಡ್‌ಲ್ಯಾಂಡ್ ಒಂದರಲ್ಲೇ ಸುಮಾರು 30,000 ಜನ ಕೆಲಸ ಕಳೆದುಕೊಂಡರು. ನೆರೆಯ ತೀರಗಳಿಗೂ ಆ ಹೊಡೆತ ತಟ್ಟಿತು. ಮೀನು ಖಾಲಿಯಾದ ಆ ಕಡಲಂಚಿಗೆ ಈ ಸರಣಿಯ ಚಿತ್ರತಂಡ ಬಂದದ್ದು ಆ ಬಳಿಕ.

ಮೀನು ಖಾಲಿಯಾಗುವುದನ್ನೇ ಕಥೆಯ ಬುಡದಲ್ಲಿಟ್ಟ ಸರಣಿ ‘ಸೈರನ್’ (2018–20). ಅಮೆರಿಕದ ವಾಯವ್ಯ ತೀರದ ಬ್ರಿಸ್ಟಲ್ ಕೋವ್ ಎಂಬ ಊರು ತನ್ನನ್ನು ಮತ್ಸ್ಯಕನ್ಯೆಯ ಊರೆಂದು ಮಾರಿಕೊಂಡು ಬದುಕುತ್ತದೆ. ಅಂಗಡಿಯ ಬೋರ್ಡಿನಲ್ಲಿ, ಹಬ್ಬದಲ್ಲಿ, ಪ್ರತಿಮೆಯಲ್ಲಿ ಅವಳೇ. ಆಗ ನಿಜವಾದ ಮತ್ಸ್ಯಕನ್ಯೆಯೊಬ್ಬಳು ದಡ ಹತ್ತುತ್ತಾಳೆ. ಮನುಷ್ಯರ ಸೆರೆಸಿಕ್ಕ ಅಕ್ಕನನ್ನು ಹುಡುಕಿ ಬಂದವಳು ಅವಳು. ಅವಳ ಹಿಂದೆ ಇನ್ನುಳಿದವರೂ ಬರುತ್ತಾರೆ, ಏಕೆಂದರೆ ದೊಡ್ಡ ಬಲೆಗಳು ಅವರ ಆಹಾರವನ್ನು ಬಾಚಿಕೊಂಡಿವೆ. ಊರು ಹಾಡಿಹೊಗಳುವ ಸಂಸ್ಥಾಪಕನ ಪ್ರೇಮಕಥೆಯ ಹಿಂದೆ ಕಗ್ಗೊಲೆಯೊಂದಿದೆ ಎಂಬುದೂ ಬಯಲಾಗುತ್ತದೆ. ಮೂರು ಸೀಸನ್ನುಗಳಲ್ಲಿ ಕಥೆ ಸೈನ್ಯದ ಪ್ರಯೋಗ, ಬೆನ್ನಟ್ಟುವಿಕೆಗಳಲ್ಲಿ ಹರಡಿಹೋಗಿ ಬಿಗಿ ಕಳೆದುಕೊಳ್ಳುತ್ತದೆ, ನಿಜ. ಆದರೂ ದಂತಕಥೆಯನ್ನು ಮಾರುವ ಊರಿಗೆ ಆ ದಂತಕಥೆಯೇ ಹಸಿದು ಬಂದು ನಿಂತರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಅದು ಧೈರ್ಯವಾಗಿ ಕೇಳಿತು. ಲವ್‌ಕ್ರಾಫ್ಟ್ ಬಿಟ್ಟುಹೋದ ಹಸಿವಿನ ಎಳೆಯನ್ನು ಅವನ ಅಸಹ್ಯವಿಲ್ಲದೆ ಎತ್ತಿಕೊಂಡ ಕೆಲವೇ ಕೃತಿಗಳಲ್ಲಿ ಇದೂ ಒಂದು.

ಮಕ್ಕಳಿಗಾಗಿ ಇತ್ತೀಚೆಗೆ ಬಂದವುಗಳಲ್ಲಿ ಥಾಮಸ್ ಟೇಲರ್ ಅವರ ಐದು ಪುಸ್ತಕಗಳು ಮುಖ್ಯ. ಹ್ಯಾರಿ ಪಾಟರ್‌ನ ಮೊದಲ ಪುಸ್ತಕಕ್ಕೆ ಮುಖಪುಟ ಬರೆದ ಕಲಾವಿದ ಇವರೇ. 2019ರ ‘ಮಾಲಮ್ಯಾಂಡರ್’ನಿಂದ ಶುರುವಾಗುವ ಈ ಸರಣಿಯ ಊರು ಈರೀ-ಆನ್-ಸೀ. ಬೇಸಿಗೆಯಲ್ಲಿ ಪ್ರವಾಸಿಗರ ಗಿಜಿಗಿಜಿ. ಚಳಿಗಾಲದ ಬಿರುಗಾಳಿಗೆ ಊರಿನ ನಾಮಫಲಕದ ಅಕ್ಷರಗಳೇ ಉದುರುತ್ತವೆ. ಕಥೆ ನಡೆಯುವುದು ಪ್ರವಾಸಿಗರು ಹೋದ ಮೇಲೆ. ಹೋಟೆಲಿನಲ್ಲಿ ಕಳೆದುಹೋದ ವಸ್ತುಗಳನ್ನು ಕಾಯುವ ಹರ್ಬರ್ಟ್ ಲೆಮನ್ ಎಂಬ ಹುಡುಗ ನಿಂಬೆಹಣ್ಣಿನ ಪೆಟ್ಟಿಗೆಯಲ್ಲಿ ದಡಕ್ಕೆ ತೇಲಿಬಂದವನು. ಒಡೆದ ಯುದ್ಧನೌಕೆಯಲ್ಲಿ ಮಾಲಮ್ಯಾಂಡರ್ ಎಂಬ ಜೀವಿ ವಾಸವಾಗಿದೆ. ಟೇಲರ್ ಅವರ ಗೆಲುವು ಋತುವಿನ ಆಯ್ಕೆಯಲ್ಲಿದೆ. ಪ್ರವಾಸಿ ಕಡಲೂರಿನ ನಿಜವಾದ ಮುಖ ತೋರುವುದು ವ್ಯಾಪಾರವಿಲ್ಲದ ತಿಂಗಳುಗಳಲ್ಲಿ, ಅಲ್ಲೇ ಉಳಿದವರ ನಡುವೆ. ಎರಡನೆಯ ಪುಸ್ತಕ ‘ಗಾರ್ಗ್ಯಾಂಟಿಸ್’ನಲ್ಲಿ ಮೀನುಗಾರರ ಕುಟುಂಬಗಳ ಹಳೆಯ ಹಕ್ಕು, ಹಳೆಯ ತಪ್ಪು ಎರಡೂ ಕಥೆಯ ಕೇಂದ್ರಕ್ಕೆ ಬರುತ್ತವೆ. ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಕೊಡಲು ಇದಕ್ಕಿಂತ ಚುರುಕಾದ ಸರಣಿ ಇಂದು ಸಿಗುವುದು ಕಷ್ಟ.

ದುಡಿಮೆ, ಆಚರಣೆ, ಊರಿನ ಅಳಿವು ಮೂರನ್ನೂ ಒಟ್ಟಿಗೆ ಹಿಡಿದಿಟ್ಟದ್ದು ಜಪಾನಿನ ‘ನಾಗಿ ನೋ ಅಸುಕಾರಾ’. 2013–14ರಲ್ಲಿ ಪ್ರಸಾರವಾದ 26 ಕಂತುಗಳ ಅನಿಮೆ ಇದು. ಮಿಯೆ ಪ್ರಾಂತದ ಕಡಲಂಚನ್ನು ನೋಡಿ ಅದರ ಊರನ್ನು ಚಿತ್ರಿಸಿದ್ದಾರೆ. ಸಮುದ್ರದ ತಳದಲ್ಲಿ ಒಂದು ಹಳ್ಳಿ, ದಡದಲ್ಲಿ ಇನ್ನೊಂದು. ಮಕ್ಕಳು ಕಡಿಮೆಯಾಗಿ ಕಡಲಡಿಯ ಶಾಲೆ ಮುಚ್ಚಿದೆ. ಅಲ್ಲಿನ ನಾಲ್ವರು ಈಗ ದಡದ ಶಾಲೆಗೆ ಬರಬೇಕು. ದಡದವರನ್ನು ಮದುವೆಯಾದವರಿಗೆ ಕಡಲಡಿಯ ಹಳ್ಳಿ ಬಾಗಿಲು ಮುಚ್ಚುತ್ತದೆ. ಮೀನಿನ ಹಕ್ಕಿಗಾಗಿ ಎರಡೂ ಕಡೆಯ ಹಿರಿಯರು ಜಗಳವಾಡಿ, ಕಡಲದೇವರಿಗೆ ಮರದ ಹೆಣ್ಣು ಗೊಂಬೆ ಅರ್ಪಿಸುವ ದೋಣಿ ಹಬ್ಬವೇ ನಿಂತುಹೋಗುತ್ತದೆ. ಮಕ್ಕಳು ಅದನ್ನು ಮತ್ತೆ ನಡೆಸಲು ಹೊರಡುತ್ತಾರೆ. ಅಷ್ಟರಲ್ಲಿ ಕಡಲಡಿಯ ಹಳ್ಳಿ ದೀರ್ಘ ನಿದ್ದೆಗೆ ಜಾರುತ್ತದೆ. ದಡದಲ್ಲಿ ಉಳಿದ ಒಬ್ಬ ಹುಡುಗಿ ಐದು ವರ್ಷ ದೊಡ್ಡವಳಾಗುತ್ತಾಳೆ, ಅವಳ ಗೆಳೆಯರು ಅದೇ ವಯಸ್ಸಿನಲ್ಲಿ ಎಚ್ಚರಗೊಳ್ಳುತ್ತಾರೆ. ಜನ ಖಾಲಿಯಾಗುತ್ತಿರುವ ಜಪಾನಿನ ಮೀನುಗಾರ ಹಳ್ಳಿಗಳ ದುಃಖವನ್ನು ಅಂಕಿಅಂಶಗಳಿಗಿಂತ ಚೆನ್ನಾಗಿ ಈ ಕಥೆ ಹೇಳಿದೆ. ಪ್ರೇಮದ ತೊಡಕುಗಳು ಕೆಲವೆಡೆ ಅತಿಯಾಗುತ್ತವೆ. ಅದನ್ನು ದಾಟಿ ನೋಡುವ ತಾಳ್ಮೆ ಇರಲಿ.

ಸರಣಿಯಲ್ಲದಿದ್ದರೂ ಹಯಾವೊ ಮಿಯಾಝಾಕಿ ಅವರ ‘ಪೊನ್ಯೊ’ (2008) ಚಿತ್ರವನ್ನು ಇಲ್ಲಿ ನೆನೆಯಬೇಕು. ಅದರ ಹಿಂದೆ ಹಿರೋಶಿಮಾ ಪ್ರಾಂತದ ತೊಮೊನೊಉರಾ ಎಂಬ ಪುರಾತನ ಬಂದರಿದೆ. ಮಿಯಾಝಾಕಿ ಅಲ್ಲಿ ತಂಗಿ ಚಿತ್ರದ ಬಗ್ಗೆ ಯೋಚಿಸಿದ್ದರು. ಅದೇ ಹೊತ್ತಿಗೆ ಬಂದರಿನ ಭಾಗವನ್ನು ತುಂಬಿ ಸೇತುವೆ ಕಟ್ಟುವ ಯೋಜನೆಯ ವಿರುದ್ಧ ಊರಿನವರು ಹೋರಾಡುತ್ತಿದ್ದರು. 2009ರ ಅಕ್ಟೋಬರಿನಲ್ಲಿ ಹಿರೋಶಿಮಾ ಜಿಲ್ಲಾ ನ್ಯಾಯಾಲಯ ಬಂದರು ತುಂಬುವುದಕ್ಕೆ ತಡೆ ಕೊಟ್ಟಿತು. ಗೆದ್ದದ್ದು ಊರಿನವರ ಹಟ. ಬಂದರನ್ನು ಪ್ರೀತಿಸಿ ಚಿತ್ರಿಸಿದ ಸಿನಿಮಾವೊಂದು ಆ ದಿನಗಳಲ್ಲಿ ದೇಶದ ಕಣ್ಣಮುಂದಿತ್ತು ಎಂಬುದೂ ಸಣ್ಣ ಸಂಗತಿಯಲ್ಲ.

ಇಷ್ಟೆಲ್ಲ ನೋಡಿದ ಮೇಲೆ ಒಂದು ಕೊರತೆ ಎದ್ದು ಕಾಣುತ್ತದೆ. ಬಹುತೇಕ ಸರಣಿಗಳ ನಾಯಕ ಹೊರಗಿನಿಂದ ಬಂದವನು: ರಜೆಗೆ ಬಂದ ಮಕ್ಕಳು, ತನಿಖೆಗೆ ಬಂದ ಅಧಿಕಾರಿ, ಮಗನನ್ನು ಹಿಂಬಾಲಿಸಿ ಬಂದ ತಾಯಿ. ಓದುಗನಿಗೆ ಊರನ್ನು ಪರಿಚಯಿಸಲು ಇದು ಅನುಕೂಲ ನಿಜ. ಆದರೆ ಊರಿನ ಗುಟ್ಟು ಊರಿನವರಿಗೇ ಕಾಣದೆ ಬಂದವನಿಗೆ ಮಾತ್ರ ಕಾಣುತ್ತದೆ ಎಂಬ ಭಾವ ಅದರೊಂದಿಗೆ ಒಳನುಸುಳುತ್ತದೆ. ಅದು ಪ್ರವಾಸಿಯ ಕಣ್ಣು. ಕಾರ್ನ್‌ವಾಲ್‌ನಲ್ಲಿ ಆ ಕಣ್ಣಿಗೆ ಬೆಲೆ ತೆತ್ತವರು ಸ್ಥಳೀಯರೇ. ರಜಾಮನೆಗಳ ಬೇಡಿಕೆಯಿಂದ ಮನೆಗಳ ಬೆಲೆ ಕೈಗೆಟುಕದಂತೆ ಏರಿತು. 2016ರಲ್ಲಿ ಸೇಂಟ್ ಐವ್ಸ್ ಊರಿನಲ್ಲಿ ನಡೆದ ಜನಮತದಲ್ಲಿ, ಹೊಸದಾಗಿ ಕಟ್ಟುವ ಮನೆಗಳನ್ನು ಎರಡನೆಯ ಮನೆಯಾಗಿ ಮಾರಬಾರದೆಂದು ಶೇ. 80ಕ್ಕೂ ಹೆಚ್ಚು ಮತದಾರರು ಹೇಳಿದರು. ಇದೇ ತೀರದ ಮೌಸಲ್ ಊರಿನಿಂದ 1981ರ ಡಿಸೆಂಬರ್ 19ರಂದು ಎಂಟು ಜನ ಸ್ವಯಂಸೇವಕರು ರಕ್ಷಣಾ ದೋಣಿಯಲ್ಲಿ ಬಿರುಗಾಳಿಗೆ ಹೊರಟು, ತಾವು ಉಳಿಸಲು ಹೋದ ಹಡಗಿನ ಎಂಟು ಜನರೊಂದಿಗೆ ತಾವೂ ಮುಳುಗಿದರು. ಅಂಥ ಊರಿನ ಗುಟ್ಟನ್ನು ಬಿಡಿಸಿ ಹೇಳಲು ಬಾಡಿಗೆ ಮನೆಗೆ ಬಂದವರೇ ಬೇಕು ಎನ್ನುವುದು ಸರಿಯಲ್ಲ. ಕೂಪರ್ ಅವರ ಜೇನ್ ಕೂಡ ಹೊರಗಿನವಳೇ, ಆದರೆ ಅವಳು ಊರಿನ ಹೆಂಗಸರ ನಡುವೆ ರಾತ್ರಿಯಿಡೀ ನಿಂತು ನೋಡುತ್ತಾಳೆ, ಅವರ ಆಚರಣೆಯ ಮೇಲೆ ಅಧಿಕಾರ ಚಲಾಯಿಸುವುದಿಲ್ಲ. ಹೊರಗಿನವರಿಗೆ ಕಥೆಯಲ್ಲಿ ಅಷ್ಟು ಜಾಗ ಸಾಕು.

ಕನ್ನಡದ ಮಾತಿಗೆ ಬಂದರೆ, ನಮ್ಮ ಕರಾವಳಿಯ ಸಾಹಿತ್ಯ ವಾಸ್ತವವಾದದಲ್ಲಿ ಶ್ರೀಮಂತವಾಗಿದೆ. ಕಡಲಂಚಿನ ಬದುಕಿನ ಬವಣೆಯನ್ನು ಕಾರಂತರ ‘ಮರಳಿ ಮಣ್ಣಿಗೆ’ಯಷ್ಟು ಆಳವಾಗಿ ಹೇಳಿದ ಕಾದಂಬರಿಗಳು ಯಾವ ಭಾಷೆಯಲ್ಲೂ ಹೆಚ್ಚಿಲ್ಲ. ಯಶವಂತ ಚಿತ್ತಾಲರ ಹನೇಹಳ್ಳಿ ಒಂದು ಇಡೀ ಲೋಕ. ಆದರೆ ಕಡಲೂರಿನಲ್ಲಿ ನೆಲೆಯಾದ ಸಮಕಾಲೀನ ಫ್ಯಾಂಟಸಿ ಸರಣಿ, ಅದರಲ್ಲೂ ಮಕ್ಕಳು ಒಂದಾದ ಮೇಲೊಂದು ಪುಸ್ತಕ ಕಾದು ಓದುವಂಥದ್ದು, ನಮ್ಮಲ್ಲಿ ಬೇರೂರಿಲ್ಲ. ಸಾಮಗ್ರಿಯ ಕೊರತೆಯಂತೂ ಅಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ದಕ್ಕೆಯಲ್ಲಿ ಕಟ್ಟಿಕೊಂಡು ನಿಲ್ಲುವ ಮಳೆಗಾಲವೇ ಒಂದು ಕಥೆಗೆ ಸಾಕು. ಋತು ಶುರುವಾಗುವ ಮುನ್ನ ಮೊಗವೀರರು ಹಾಲು, ಹೂವು, ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡುತ್ತಾರೆ. ರಂಪಣಿ ಬಲೆಯನ್ನು ಊರೇ ಸೇರಿ ಎಳೆಯುತ್ತಿದ್ದ ಕಾಲ ಹೋಗಿ ಯಂತ್ರದ ಪರ್ಸೀನ್ ದೋಣಿ ಬಂದಾಗ ಆದ ಸಂಘರ್ಷವಿದೆ. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ಕಡಲಂಚಿನ ಜನ ಬಿಟ್ಟುಕೊಟ್ಟ ಊರುಗಳಿವೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿ ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಅವಶೇಷ ಸಿಗಲು ತಿಂಗಳುಗಳೇ ಬೇಕಾದವು. ಆ ತಿಂಗಳುಗಳಲ್ಲಿ ದಡದಲ್ಲಿ ಕಾದವರ ಮನಸ್ಸಿಗೆ ಹೋಗಬಲ್ಲ ಕಥೆ ಬರಿಯ ಸುದ್ದಿಯಿಂದ ಆಗುವುದಿಲ್ಲ.

ಹೀಗೆಂದ ತಕ್ಷಣ ದೈವಗಳ ಕಡೆಗೆ ಕೈಚಾಚುವ ಆತುರ ಬರುತ್ತದೆ. 2022ರ ‘ಕಾಂತಾರ’ದ ಬಳಿಕ ಆ ಆತುರ ಹೆಚ್ಚಿದೆ, ದೈವದ ವೇಷ ಹಾಕಿ ಅನುಕರಿಸುವವರಿಗೆ ಹಾಗೆ ಮಾಡಬೇಡಿ ಎಂದು ಚಿತ್ರತಂಡವೇ ಕೇಳಿಕೊಳ್ಳಬೇಕಾಯಿತು. ಮೀನುಗಾರರು ನಂಬುವ ಬೊಬ್ಬರ್ಯನಂಥ ದೈವ ಯಾರದೋ ಕಾದಂಬರಿಗೆ ಕಾದಿರುವ ಪಾತ್ರವಲ್ಲ. ಇಂದಿಗೂ ಎಣ್ಣೆ ಬತ್ತಿ ಕಾಣುವ ನಂಬಿಕೆ ಅದು. ಇಲ್ಲಿ ಕೂಪರ್ ಅವರಿಂದ ಕಲಿಯಬೇಕಾದದ್ದು ಸ್ಪಷ್ಟ. ಅವರು ಯಾರ ದೇವರನ್ನೂ ಎತ್ತಿಕೊಂಡು ಬರಲಿಲ್ಲ. ಊರಿನ ದುಡಿಮೆಯನ್ನು ಚೆನ್ನಾಗಿ ನೋಡಿ, ಅದಕ್ಕೆ ತಕ್ಕ ಆಚರಣೆಯೊಂದನ್ನು ತಾವೇ ಕಟ್ಟಿದರು. ಹಾಗೆ ಕಟ್ಟುವುದಕ್ಕೆ ಹೆಚ್ಚು ಶ್ರಮ ಬೇಕು, ಆದರೆ ಹಾಗೆ ಕಟ್ಟಿದ್ದರಿಂದ ಯಾರಿಗೂ ನೋವಿಲ್ಲ, ಲೇಖಕನಿಗೆ ಸಂಪೂರ್ಣ ಸ್ವಾತಂತ್ರ್ಯವಿದೆ.

ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳ, ಹೊನ್ನಾವರ, ಕಾರವಾರದಲ್ಲಿ ಬೆಳೆದು ಬರೆಯುತ್ತಿರುವ ಯುವಕ ಯುವತಿಯರು ಈ ಕೆಲಸಕ್ಕೆ ಕೈಹಾಕಬೇಕು. ಅದು ಬೆಂಗಳೂರಿನಿಂದ ರಜೆಗೆ ಬಂದ ಹುಡುಗನ ಕಥೆಯಾಗುವುದು ಬೇಡ. ದಕ್ಕೆಯಲ್ಲಿ ಮೀನು ಹೊರುವ ಅಮ್ಮನ ಮಗಳು ನಾಯಕಿಯಾಗಲಿ, ದೋಣಿ ನಡೆಸುವ ತಂಡೇಲನ ಮಾತಿಗೆ ಮಂತ್ರದಷ್ಟೇ ಬೆಲೆ ಇರಲಿ, ಮೂರು ನಾಲ್ಕು ಪುಸ್ತಕ ಬರೆಯುವ ಹಟವಿರಲಿ. ಪ್ರಕಾಶಕರು ಮೊದಲ ಪುಸ್ತಕದ ಮಾರಾಟ ನೋಡಿ ಕೈಬಿಡದಿರಲಿ. ಕೂಪರ್ ಅವರ ಸರಣಿಯ ಮೊದಲ ಮತ್ತು ಎರಡನೆಯ ಪುಸ್ತಕಗಳ ನಡುವೆ ಎಂಟು ವರ್ಷಗಳ ಅಂತರವಿತ್ತು. ನಮ್ಮಲ್ಲಿ ಅಂಥ ಸರಣಿ ಬರುವವರೆಗೆ ಇಂಗ್ಲಿಷ್ ಓದಬಲ್ಲ ಮಕ್ಕಳ ಕೈಗೆ ‘ಗ್ರೀನ್‌ವಿಚ್’ ಕೊಡಿ, ದೊಡ್ಡವರೂ ಓದಿ. ಕನ್ನಡಕ್ಕೆ ಅನುವಾದವಾಗಬೇಕಾದ ಪುಸ್ತಕಗಳ ಪಟ್ಟಿಯಲ್ಲಿ ಅದು ಮೇಲಿನ ಸಾಲಿನಲ್ಲಿ ಇರಬೇಕಾದದ್ದು.